ಪದ್ಮಜ್ಜಿಯ ಊಟದ ಹೊತ್ತು

ಅವತ್ತು ಬೆಳಿಗ್ಗೆಯೂ ಅವ್ವ ಎಂದಿನಂತೆ ನನ್ನನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಎರಡು ಜಡೆ ಹೆಣೆದಳು. ಹರಳೆಣ್ಣೆ ತಿಕ್ಕಿ, ಬಿಗಿಯಾಗಿ ಹೆಣೆದು, ತುದಿಗೆ ನೀಲಿ ಟೇಪು ಕಟ್ಟುವಷ್ಟರಲ್ಲಿ ನನ್ನ ಹುಬ್ಬುಗಳು ಮೇಲಕ್ಕೆ ಹೋಗಿರುತ್ತಿದ್ದವು. ಒಳಗೆ ಅಪ್ಪಾಜಿ ಪೂಜೆಗೆ ಕೂತಿದ್ದರು. ವಿಭೂತಿಯ ವಾಸನೆ, ಹೆಂಚಿನ ಮೇಲೆ ಬೇಯುತ್ತಿದ್ದ ರಾಗಿರೊಟ್ಟಿಯ ವಾಸನೆ, ರಾತ್ರಿಯಿಡೀ ಹನಿದ ಮಳೆಗೆ ನೆನೆದ ಸೌದೆಯ ಹೊಗೆ, ಮೂರೂ ಕಲೆತು ಬರುತ್ತಿದ್ದವು. ಮಳೆ ಬಂದಾಗ ಅವ್ವ ರಂಗೋಲಿಯನ್ನು ಸೂರಿನ ಒಳಗಡೆ ಎಳೆಯುತ್ತಿದ್ದಳು, ಅಂಗೈಯಗಲ. ಅದನ್ನು ದಾಟಿಕೊಂಡು ನಾನು ಕಾನ್ವೆಂಟಿಗೆ ಓಡಿದೆ.

ನನಗಾಗ ಒಂಬತ್ತು ವರ್ಷ. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಕೆ.ಆರ್. ನಗರ. ಹಳಬರು ಇನ್ನೂ ಎಡತೊರೆ ಎಂದೇ ಅನ್ನುತ್ತಿದ್ದರು. ಬೀದಿಗಳು ಗೆರೆ ಎಳೆದಂತೆ ನೇರ, ಆದರೆ ಬೀದಿಯಲ್ಲಿದ್ದ ಮನೆಗಳ ಹೊತ್ತುಗಳು ಒಂದೊಂದು ಬಗೆ. ಯಾರ ಮನೆಯಲ್ಲಿ ಯಾವಾಗ ಸಂಜೆಯ ಊಟ ಎಂಬುದು ಬೀದಿಯ ಮಕ್ಕಳಿಗೆಲ್ಲ ಮಗ್ಗಿಯಷ್ಟು ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಮೂಲೆಯ ಒಕ್ಕಲು ಮನೆಯಲ್ಲಿ ದನ ಕಟ್ಟಿ ಹಾಲು ಕರೆದದ್ದೇ ತಡ, ಮುದ್ದೆ ತಿರುವಿ ಉಂಡುಬಿಡುತ್ತಿದ್ದರು. ದೀಪದೆಣ್ಣೆ ಉಳಿಯಿತು ಎನ್ನುವ ಲೆಕ್ಕ. ಕಾನ್ವೆಂಟಿನ ಸಿಸ್ಟರುಗಳದು ಆರೂವರೆಗೆ. ಎಲ್ಲರೂ ಉದ್ದನೆಯ ಮೇಜಿಗೆ ಮಾತಿಲ್ಲದೆ ಕೂರುತ್ತಾರೆ, ಒಬ್ಬರು ಮಾತ್ರ ನಿಂತು ಪುಸ್ತಕ ಓದುತ್ತಾರೆ ಎಂದು ಅಡುಗೆಯವಳ ಮಗಳು ಹೇಳಿದಾಗ ನಾವು ಬಾಯಿ ಬಿಟ್ಟುಕೊಂಡು ಕೇಳಿದ್ದೆವು. ನಮ್ಮ ಮನೆಯಲ್ಲಿ ಅಪ್ಪಾಜಿ ದಿನಸಿ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿದ ಮೇಲೇ ತಟ್ಟೆ ಹಾಕುತ್ತಿದ್ದದ್ದು. ಅಷ್ಟರಲ್ಲಿ ಎಂಟು ದಾಟಿ, ನಾನು ಕಂಬಕ್ಕೆ ಒರಗಿ ಅರ್ಧ ನಿದ್ದೆ ಮಾಡಿರುತ್ತಿದ್ದೆ. ನಮ್ಮ ಬಲಗಡೆಯ ದರ್ಜಿಮನೆಯ ಹಲೀಮಕ್ಕ ಕೊನೆಯ ನಮಾಜು ಆದ ಮೇಲೆ ಬಡಿಸುತ್ತಿದ್ದರು. ನನ್ನ ಕಾನ್ವೆಂಟಿನ ಲಂಗ ಹೊಲಿದುಕೊಟ್ಟಿದ್ದು ಅವರ ಗಂಡನೇ. ಆದರೆ ರಂಜಾನ್ ತಿಂಗಳಲ್ಲಿ ಆ ಮನೆಯ ಹೊತ್ತು ಬೇರೆ. ಹಗಲೆಲ್ಲ ಉಗುಳು ನುಂಗದೆ ಇದ್ದು, ಸೂರ್ಯ ಮುಳುಗಿ ಮಸೀದಿಯಲ್ಲಿ ಬಾಂಗ್ ಕೂಗಿದ ಗಳಿಗೆಯಲ್ಲಿ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದವರು ನಮ್ಮ ಎಡಗಡೆಯ ಪದ್ಮಜ್ಜಿ. ಅವರು ಜೈನರು. ಸೂರ್ಯ ಮುಳುಗಿದ ಮೇಲೆ ಅವರ ಬಾಯಿಗೆ ಅನ್ನ ಹೋಗುತ್ತಿರಲಿಲ್ಲ, ನೀರೂ ಹೋಗುತ್ತಿರಲಿಲ್ಲ. ಕತ್ತಲಾದರೆ ದೀಪಕ್ಕೆ ಹುಳ ಬರುತ್ತವೆ, ಹುಳ ಅನ್ನಕ್ಕೆ ಬೀಳುತ್ತದೆ, ನಮ್ಮ ಹೊಟ್ಟೆಗೋಸ್ಕರ ಅದರ ಜೀವ ಯಾಕೆ ಹೋಗಬೇಕು ಎಂದು ಅಜ್ಜಿ ಒಮ್ಮೆ ನನಗೆ ಹೇಳಿದ್ದರು. ಅಂದಿನಿಂದ ನಾನು ದೀಪದ ಸುತ್ತ ಸುತ್ತುವ ಹುಳಗಳನ್ನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೆ.

ಈ ಹೊತ್ತುಗಳಿಗೆ ಬೀದಿಯಲ್ಲಿ ಒಂದು ಮರ್ಯಾದೆಯಿತ್ತು. ಪದ್ಮಜ್ಜಿ ಉಣ್ಣುವ ಹೊತ್ತಿನಲ್ಲಿ ಅವ್ವ ಈರುಳ್ಳಿ ಒಗ್ಗರಣೆ ಹಾಕುತ್ತಿರಲಿಲ್ಲ. ಅಜ್ಜಿಗೆ ಆ ವಾಸನೆ ಆಗದು. ರಂಜಾನಿನಲ್ಲಿ ಪದ್ಮಜ್ಜಿ ಮಧ್ಯಾಹ್ನದ ಹೊತ್ತು ಹಪ್ಪಳ ಸುಡುತ್ತಿರಲಿಲ್ಲ, ಸಾರಿನಪುಡಿ ಹುರಿಯುತ್ತಿರಲಿಲ್ಲ. ಒಂದು ಮನೆಯಾಚೆ ಹಸಿದವರಿದ್ದಾರಲ್ಲ. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಆ ವರ್ಷ ರಂಜಾನ್ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬಂದಿತ್ತು. ಪದ್ಮಜ್ಜಿಯ ಸೊಸೆ ತಮ್ಮ ಮಗಳ ಬಾಣಂತನಕ್ಕೆಂದು ಸಾಲಿಗ್ರಾಮಕ್ಕೆ ಹೋಗಿದ್ದರು. ಮಗ ಬಟ್ಟೆಯ ಗಂಟು ಕಟ್ಟಿಕೊಂಡು ಹುಣಸೂರು, ಸರಗೂರು ಎಂದು ಸಂತೆ ಸುತ್ತುವವರು, ಭಾನುವಾರಕ್ಕೇ ಮನೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಕಿವಿಯೂ ಮಂದ. ಬಿಸಿಲಿದ್ದ ದಿನ ಹಿತ್ತಲ ಗೋಡೆಯ ಮೇಲೆ ಅಂಗೈ ಇಟ್ಟು, ಕಾವು ಎಲ್ಲಿಯವರೆಗೆ ಇದೆ ಎಂದು ಮುಟ್ಟಿ ನೋಡಿಯೇ ಹೊತ್ತು ಹೇಳುತ್ತಿದ್ದರು. ಮೋಡ ಕವಿದರೆ ಆ ಗೋಡೆ ಏನೂ ಹೇಳುತ್ತಿರಲಿಲ್ಲ. ಅದಕ್ಕೇ ನನ್ನನ್ನು ಕರೆದು ಕೇಳಿದ್ದರು.

“ನೀನು ಸ್ಕೂಲಿಂದ ಎಷ್ಟೊತ್ತಿಗೆ ಬತ್ತೀಯ ಮಗ?”

“ನಾಲ್ಕೂವರೆಗೆ ಅಜ್ಜಿ.”

“ಹಂಗಾದ್ರೆ ದಿನಾ ಬಂದ ತಕ್ಷಣ ನನ್ ಬಾಗಿಲಲ್ಲಿ ನಿಂತ್ಕಂಡು ಕೂಗ್ಬುಡು. ನಾನು ಒಲೆ ಹಚ್ತೀನಿ.”

ದೊಡ್ಡವರು ನನಗೆ ಒಪ್ಪಿಸಿದ ಮೊದಲ ಕೆಲಸ ಅದು. ಹತ್ತು ಹನ್ನೆರಡು ದಿನ ತಪ್ಪದೆ, ಚೀಲವನ್ನು ಕೂಡ ಇಳಿಸದೆ, ಅಜ್ಜಿಯ ಬಾಗಿಲಿಗೆ ಹೋಗಿ “ಅಜ್ಜಿ, ನಾಲ್ಕೂವರೆ” ಎಂದು ಜೋರಾಗಿ ಕೂಗುತ್ತಿದ್ದೆ. ಒಳಗಿಂದ “ಊಂ” ಎಂಬ ಉತ್ತರ. ಆಮೇಲೆ ನಾನು ಅವರ ಅಡುಗೆಮನೆಯ ಹೊಸ್ತಿಲಾಚೆ ಕೂತು ಮೊರದಲ್ಲಿದ್ದ ಅಕ್ಕಿಯಲ್ಲಿ ಹುಳವಿದೆಯೇ ಎಂದು ನೋಡಿಕೊಡಬೇಕು. ಸಿಕ್ಕರೆ ಹೊಸಕುವಂತಿಲ್ಲ. ಎರಡು ಬೆರಳಲ್ಲಿ ಎತ್ತಿ ಹಿತ್ತಲ ಎಲೆಯ ಮೇಲೆ ಬಿಟ್ಟು ಬರಬೇಕು. ಅಜ್ಜಿ ಮೂರು ಮಡಿಕೆ ಮಾಡಿದ ಬಿಳಿ ಬಟ್ಟೆಯಲ್ಲಿ ನೀರು ಸೋಸುತ್ತಿದ್ದರು. ಕಣ್ಣು ಕಾಣದಿದ್ದರೂ ಒಂದು ಹನಿ ಆಚೀಚೆ ಚೆಲ್ಲುತ್ತಿರಲಿಲ್ಲ. ನೋಡುತ್ತಾ ಕೂತರೆ ನನಗೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ನಾನು ರಂಗೋಲಿ ದಾಟಿ ಓಡಿದ ಆ ದಿನ ಚತುರ್ದಶಿ, ಅಜ್ಜಿಗೆ ಒಪ್ಪತ್ತು. ದಿನಕ್ಕೆ ಒಂದೇ ಊಟ. ಬೇರೆಯವರು ಆ ಊಟವನ್ನು ಮಧ್ಯಾಹ್ನವೇ ಮಾಡುತ್ತಾರಂತೆ. ಪದ್ಮಜ್ಜಿ ಮಾತ್ರ ಸಂಜೆಗೆ ಇಟ್ಟುಕೊಳ್ಳುತ್ತಿದ್ದರು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ ಎಂದು. ಅಂದರೆ ಹಿಂದಿನ ಸಂಜೆಯಿಂದ ಆ ಎಪ್ಪತ್ತರ ಜೀವದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಕಾನ್ವೆಂಟಿನಲ್ಲಿ ಆ ವಾರ ಏನೋ ಹಬ್ಬ. ಹಾಡಿನ ಸಿಸ್ಟರು ಪಾಠ ಮುಗಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಹಾಡು ಕಲಿಸಿದರು. ನನ್ನ ಗಂಟಲು ಚೆನ್ನಾಗಿದೆ ಎಂದು ಮುಂದಿನ ಸಾಲಿಗೆ ಎಳೆದು ನಿಲ್ಲಿಸಿದರು. ಆ ಸಂತೋಷದಲ್ಲಿ ನನಗೆ ಹೊತ್ತಿನ ಪರಿವೆಯೇ ಇಲ್ಲ. ಕಿಟಕಿಯಾಚೆ ಮಧ್ಯಾಹ್ನದಿಂದಲೂ ಒಂದೇ ಬಣ್ಣದ ಆಕಾಶ, ಬೂದಿಯ ಬಣ್ಣ. ಆರು ಗಂಟೆಯ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಬಿಟ್ಟರು. ಚೀಲವನ್ನು ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ಓಡುತ್ತಾ ಬಂದು, ಪದ್ಮಜ್ಜಿಯ ಬಾಗಿಲಲ್ಲಿ ನಿಂತು, ದಿನಾ ಕೂಗುವ ಹಾಗೆ ಕೂಗಿದೆ.

“ಅಜ್ಜಿ, ನಾಲ್ಕೂವರೆ.”

ನಾಲ್ಕೂವರೆ ಎಂದರೆ ನನಗೆ ಗಡಿಯಾರದ ಮುಳ್ಳಲ್ಲ. ನಾನು ಶಾಲೆಯಿಂದ ಬರುವುದೇ ನಾಲ್ಕೂವರೆ. ಆದರೂ ಒಳಗೆಲ್ಲೋ ಗೊತ್ತಿತ್ತೇ, ಗೊತ್ತಿದ್ದೂ ಹೇಳಿದೆನೇ ಎಂದು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಅಜ್ಜಿ ಬಾಗಿಲಿಗೆ ಬಂದರು. “ಇನ್ನೂ ನಾಲ್ಕೂವರೆನಾ? ನನ್ ಹೊಟ್ಟೆ ಯಾಕೋ ಬ್ಯಾರೆ ಹೊತ್ತು ಹೇಳ್ತಾ ಅದೆ ಇವತ್ತು,” ಎಂದು ನಕ್ಕರು. “ಒಪ್ಪತ್ತಲ್ವಾ, ಅದಕ್ಕೇ ಹೊಟ್ಟೇಗ್ ಅವಸರ.”

ಒಲೆ ಹಚ್ಚಿದರು. ಸೌದೆ ಹಸಿ, ಊದುಗೊಳವೆ ಹಿಡಿದು ಊದಿ ಊದಿ ಕೆಮ್ಮು ಬಂತು. ನಾನು ಅಕ್ಕಿ ನೋಡಿಕೊಟ್ಟೆ. ಅನ್ನ ಆಯಿತು, ಹೆಸರುಬೇಳೆ ತೊವ್ವೆ ಆಯಿತು. ಒಪ್ಪತ್ತಿನ ದಿನವೆಂದು ಪುಟ್ಟ ತಪ್ಪಲೆಯಲ್ಲಿ ಬೆಲ್ಲ ಹಾಕಿ ಗಸಗಸೆ ಪಾಯಸವನ್ನೂ ಮಾಡಿದರು. ಏಲಕ್ಕಿಯ ವಾಸನೆಗೆ ನನ್ನ ಬಾಯಲ್ಲಿ ನೀರು. ಅಜ್ಜಿ ಎಲೆ ಹಾಕಿಕೊಂಡು, ಒಂದು ಸೌಟು ಅನ್ನ, ತೊವ್ವೆ, ಮೇಲೆ ತುಪ್ಪ ಬಡಿಸಿಕೊಂಡು, ಸೋಸಿದ ನೀರಿನ ಚೊಂಬನ್ನು ಎಡಗಡೆ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದರು.

ಆಗಲೇ ಮಸೀದಿಯಿಂದ ಬಾಂಗ್ ಕೇಳಿಸಿತು.

ಆ ಕಾಲಕ್ಕೆ ಮೈಕು ಎಲ್ಲಿಯದು. ಎರಡು ಬೀದಿಯಾಚೆಯಿಂದ ಮಳೆಯ ಸದ್ದಿನ ನಡುವೆ ಒಬ್ಬರ ಕಂಠ, ಅಷ್ಟೇ. ನನಗೆ ಕೇಳಿಸಿತು, ಅಜ್ಜಿಗೆ ಕೇಳಿಸಲಿಲ್ಲ. ಅವರ ತುಟಿ ಇನ್ನೂ ಅಲ್ಲಾಡುತ್ತಿತ್ತು. ಸೂರ್ಯ ಮುಳುಗಿಯಾಗಿದೆ. ನಾನು ಸುಮ್ಮನಿದ್ದರೆ ಅಜ್ಜಿ ಹೊಟ್ಟೆ ತುಂಬ ಉಣ್ಣುತ್ತಾರೆ, ನೀರು ಕುಡಿಯುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ನಾಳೆ ಸೂರ್ಯ ಬರುವವರೆಗೆ ಒಂದು ಗುಟುಕು ನೀರೂ ಇಲ್ಲ. ಅಜ್ಜಿಯ ಒಣಗಿದ ತುಟಿ ನೋಡಿದೆ. ಸುಮ್ಮನಿರುವುದೇ ಪುಣ್ಯವೆಂದು ಅನ್ನಿಸಿತು. ಅಜ್ಜಿ ಕಣ್ಣು ತೆರೆದು ಎಲೆಯ ಕಡೆಗೆ ಕೈ ಚಾಚಿದರು. ಕೈ ಎಲೆಯಿಂದ ಒಂದು ಗೇಣು ಮೇಲಿತ್ತು.

“ಅಜ್ಜಿ, ಬಾಂಗ್ ಆಯ್ತು,” ಎಂದೆ.

ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮಡಿಲಿಗೆ ಹೋಯಿತು. ನಾನು ಅಳುತ್ತಾ ಹಾಡಿನ ವಿಷಯ, ಸಿಸ್ಟರ ವಿಷಯ, ಆರರ ಗಂಟೆಯ ವಿಷಯ ಎಲ್ಲವನ್ನೂ ಒಟ್ಟಿಗೇ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಚೊಂಬನ್ನು ಗೋಡೆಯ ಕಡೆಗೆ ಸರಿಸಿದರು.

“ಅಳಬ್ಯಾಡ ಬುಡು. ಒಂದು ತುತ್ತು ಮುಂಚೆನೇ ಹೇಳ್ದಲ್ಲ,” ಎಂದರು. “ಯಾವ ಹಾಡು ಹೇಳ್ಕೊಟ್ರು? ನಾಳೀಕ್ ಹೇಳೀಯಂತೆ,” ಎಂದರು.

ಎದ್ದು ಎಲೆಯಲ್ಲಿದ್ದದ್ದನ್ನು ಹಸುವಿಗೆಂದು ತೆಗೆದಿಟ್ಟರು. ಪಾತ್ರೆಯಲ್ಲಿ ಮಿಕ್ಕಿದ್ದ ಬಿಸಿ ಅನ್ನ, ತೊವ್ವೆಗಳನ್ನು ಬೇರೆ ಪಾತ್ರೆಗಳಿಗೆ ಬಗ್ಗಿಸಿ, ಪಾಯಸದ ತಪ್ಪಲೆಯ ಜೊತೆ ಬುಟ್ಟಿಯಲ್ಲಿಟ್ಟು, ಬಾಳೆಲೆ ಮುಚ್ಚಿ ನನ್ನ ಕೈಗೆ ಕೊಟ್ಟರು. ಯಾರಿಗೆ ಎಂದು ಕೇಳಿದೆ.

“ದರ್ಜಿ ಮನೇಗೆ. ಈಗ ತಾನೇ ಉಪಾಸ ಬಿಡ್ತಾವ್ರೆ, ಆರೋಕ್ ಮುಂಚೆ ತಕ್ಕೊಂಡೋಗು.” ನಾನು ಹೊಸ್ತಿಲು ದಾಟುವಾಗ ಮತ್ತೆ ಕರೆದು ಸೇರಿಸಿದರು. “ನಾನು ಉಂಡಿಲ್ಲ ಅಂತ ಮಾತ್ರ ಹೇಳಬ್ಯಾಡ ಕಣೆ. ದಿನವೆಲ್ಲ ಹಸ್ಕಂಡು ಈಗ ಬಾಯಿಗಿಡೋರು. ಪಕ್ಕದಲ್ಲಿ ಇನ್ನೊಬ್ಳು ಹಸ್ದವ್ಳೆ ಅಂತ ಗೊತ್ತಾದ್ರೆ ಅವರ್ಗೆ ಇಳಿಯಾಕಿಲ್ಲ.”

ಮರುದಿನ ಬೆಳಿಗ್ಗೆ ನಾನು ಜಡೆಗೂ ಕೂರದೆ ಪದ್ಮಜ್ಜಿಯ ಮನೆಗೆ ಓಡಿದೆ. ಮೋಡ ಸ್ವಲ್ಪ ಹರಿದಿತ್ತು. ಅಜ್ಜಿ ಹಿತ್ತಲಲ್ಲಿ ಕೂತು, ಬೆಳಕು ಚೆನ್ನಾಗಿ ಬಂದಿದೆಯೇ ಎಂದು ನನ್ನನ್ನು ಕೇಳಿ, ಬಂದಿದೆ ಎಂದ ಮೇಲೂ ಇನ್ನಷ್ಟು ಹೊತ್ತು ಕಾದು, ಆಮೇಲೆ ನೀರು ಸೋಸಿ ಕುಡಿದರು. ಗುಟುಕು ಇಳಿದದ್ದು ಅವರ ಕೊರಳಲ್ಲಿ ಕಾಣಿಸಿತು. ಅವ್ವನಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಅವ್ವ ನನ್ನನ್ನು ಹೊಡೆಯಲಿಲ್ಲ. ಅವತ್ತಿನಿಂದ ಸೊಸೆ ಹಿಂತಿರುಗುವವರೆಗೂ, ನಾನು ಕೂಗಿದ ಮೇಲೆ ತಾನೂ ಒಮ್ಮೆ ಸೆರಗು ಹೊದ್ದು ಹೋಗಿ ಅಜ್ಜಿಯ ಬಾಗಿಲಲ್ಲಿ ನಿಂತು ಬರುತ್ತಿದ್ದಳು.

ಆಮೇಲೆ ನಾನು ಮದುವೆಯಾಗಿ ಮೈಸೂರಿಗೆ ಬಂದೆ, ಎಷ್ಟೋ ಸಾವಿರ ಸಂಜೆಗಳ ಅಡುಗೆ ಮಾಡಿದೆ. ಈಗ ನಮ್ಮ ಮನೆಯೊಳಗೇ ನಾಲ್ಕು ಜನಕ್ಕೆ ನಾಲ್ಕು ಹೊತ್ತು, ಆದರೆ ಅದು ಯಾರ ನೇಮವೂ ಅಲ್ಲ. ಹಸಿವಾದಾಗ ಫ್ರಿಜ್ಜಿನ ಬಾಗಿಲು ತೆರೆಯುತ್ತದೆ, ಅಷ್ಟೇ. ಎದುರು ಮನೆಗೆ ಬಂದು ಆರು ವರ್ಷವಾದ ಸಂಸಾರ ಸಂಜೆ ಎಷ್ಟು ಹೊತ್ತಿಗೆ ಊಟ ಮಾಡುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನಾನು ಒಗ್ಗರಣೆ ಹಾಕುವಾಗ ಗೋಡೆಯಾಚೆ ಯಾರಾದರೂ ಉಪವಾಸವಿದ್ದಾರೆಯೇ ಎಂಬುದೂ ಗೊತ್ತಿಲ್ಲ. ಪದ್ಮಜ್ಜಿಯಂಥವರು, ಹಲೀಮಕ್ಕನಂಥವರು ಈಗಲೂ ಇರಬಹುದು. ಅವರ ಹೊತ್ತು ತಿಳಿದುಕೊಂಡು ನಡೆಯುವ ಬೀದಿ ಮಾತ್ರ ಹೋಯಿತು.

ಆ ಸಂಜೆ ಬುಟ್ಟಿ ಹಿಡಿದುಕೊಂಡು ದರ್ಜಿಮನೆಗೆ ಹೋದಾಗ ಚಾಪೆಯ ಮೇಲೆ ಎಲ್ಲರೂ ಸುತ್ತ ಕೂತು ಖರ್ಜೂರ ತಿಂದು, ಗಂಜಿಗೆ ಕೈಯಿಟ್ಟಿದ್ದರು. ಹಲೀಮಕ್ಕ ಬಾಳೆಲೆ ಸರಿಸಿ, ತಪ್ಪಲೆಯ ಬಿಸಿ ಬೆರಳಿಗೆ ತಾಗಿ, ಕೈ ಹಿಂದಕ್ಕೆ ಎಳೆದುಕೊಂಡರು. ಪಾಯಸವನ್ನು ಮಕ್ಕಳ ಬಟ್ಟಲುಗಳಿಗೆ ಬಗ್ಗಿಸುತ್ತಾ, ನನ್ನ ಕಡೆ ನೋಡದೆಯೇ ಗಂಡನಿಗೆ ಹೇಳಿದರು:

“ನೋಡಿ, ಬಾಂಗ್ ಆಗೋಕೂ ಇದು ಇಳ್ಸೋಕೂ ಸರಿಯಾಗಿ ಹೊತ್ತು ನೋಡಿ ಮಾಡವ್ರೆ. ಅವ್ರು ಬುಡಿ, ಬ್ಯಾಗನೆ ಉಂಡು ಆರಾಮಾಗಿ ಕೂತಿರ್ತಾರೆ.”