ಹೊಸ ಚೈನು, ಸವೆದ ಹಲ್ಲು

ಹೊಳಗುಂದದ ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಮಾಡುತ್ತಿದ್ದವರೊಬ್ಬರು ಯಾವ ಸೈಕಲ್ಲನ್ನೂ ನಿಲ್ಲಿಸಿಟ್ಟು ಪರೀಕ್ಷಿಸುತ್ತಿರಲಿಲ್ಲ. ತಾವೇ ಹತ್ತಿ, ಪಕ್ಕದ ದಿಬ್ಬದ ಮೇಲೆ ತುಳಿದು ಬರುತ್ತಿದ್ದರು. “ಭಾರ ಬಿದ್ದಾಗ ನೋಡ್ಬೇಕು” ಎನ್ನುವುದು ಅವರ ಮಾತು. ಕಾಯುತ್ತ ಕೂತವರು, “ಏನ್ರಿ, ನಮ್ ಸೈಕಲ್ ತಗೊಂಡು ಹೆಣ್ತಿ ತವರಿಗೆ ಹೊಂಟ್ರೇನು?” ಎಂದು ರೇಗಿಸುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ಅವರ ಸೈಕಲ್ಲನ್ನು ನಾನು ಕೆಲಸಕ್ಕೆ ಹೋಗಲು ಹೊರತೆಗೆದೆ. ಜೋರಾಗಿ ತುಳಿದರೆ ಚೈನು ಕಟಕಟ ಎಂದು ಜಾರುತ್ತಿತ್ತು. ಆಸ್ಪತ್ರೆಗೆ ಸೇರುವ ಮುಂಚೆ ನನ್ನ ಗಂಡ ಅಂಗಳದಲ್ಲಿ ಕೂತು ತಾವೇ ಹಾಕಿದ್ದ ಹೊಸ ಚೈನು ಅದು. ಅವರ ಕೈಯಿಂದಾದ ಕೊನೆಯ ಕೆಲಸ. ಅದನ್ನು ತೆಗೆದುಬಿಡುತ್ತಾರೇನೋ ಎಂಬ ಭಯದಲ್ಲೇ ಅಂಗಡಿಗೆ ಹೋದೆ.

ರಿಪೇರಿಯವರು ದಿಬ್ಬ ಹತ್ತಿ ಬಂದು, ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಚೈನು ಕೂರುವ ಹಲ್ಲುಚಕ್ರ, ಫ್ರೀವೀಲಿನ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಚೈನು ನಮ್ಮನಿಯವ್ರೇ ಹಾಕಿದ್ದು. ತಪ್ಪು ಹಾಕ್ಯಾರೇನಣ್ಣಾ?” ಎಂದೆ.

“ಇಲ್ಲ ತಂಗೀ, ಚೈನು ಛಲೋ ಐತಿ. ಹಾಕಿದ್ದೂ ಛಲೋ ಐತಿ. ಈ ಹಲ್ಲು ಹಳೇವು, ಸವದಾವ. ಹೊಸ ಚೈನು ಇದ್ರಾಗ ಕುಂದ್ರಂಗಿಲ್ಲ. ಚೈನು, ಹಲ್ಲು ಎರಡೂ ಕೂಡಿ ಬದಲು ಮಾಡ್ಬೇಕು. ಅರ್ಧ ಕೆಲಸ ಆತನೇ ಮಾಡಿಟ್ಟಾನ, ಉಳಿದರ್ಧ ನಾ ಮಾಡ್ತೀನಿ.”

ಗಾಲಿ ಬಿಚ್ಚಿ ಹೊಸ ಫ್ರೀವೀಲ್ ಕೂರಿಸುವಷ್ಟು ಹೊತ್ತೂ ಅವರು ಆ ಚೈನಿನ ಕೊಂಡಿ ಬಿಚ್ಚಲಿಲ್ಲ. ಮಣ್ಣು ತಾಗದಂತೆ ತಮ್ಮ ಹೆಗಲ ಮೇಲಿದ್ದ ಟವೆಲಿನಿಂದ ಅದನ್ನು ಸೈಕಲ್ಲಿನ ಚೌಕಟ್ಟಿಗೆ ಎತ್ತಿ ಕಟ್ಟಿದ್ದರು.