ಆ ಕೈಗೆ ನೋವಿರಲಿಲ್ಲ

ಆ ದಿನ ಅತ್ತಿಗೆಯ ಕೈಗೆ ನೋವಿರಲಿಲ್ಲ. ನೋವಿದೆ ಎಂದದ್ದು ನಾನು ಹೇಳಿದ ಸುಳ್ಳು — ಮೂವತ್ತು ಹೆಂಗಸರ ಎದುರಿಗೆ, ನಗುನಗುತ್ತಾ ಹೇಳಿದ್ದು. ಆರು ವರ್ಷವಾಯಿತು. ಯಾರೂ ನನ್ನನ್ನು ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಅದಕ್ಕೇ ನಾನಾಗಿಯೇ ಬರೆಯುತ್ತಿದ್ದೇನೆ.

ತಮಿಳು ಸೀಮೆಯ ಗೂಡಲೂರಿನಲ್ಲಿ, ಕನ್ನಡ ಮಾತಾಡುವ ನಮ್ಮ ಜನರ ಮದುವೆ ಮಂಟಪದಲ್ಲಿ, ತಿಂಗಳಿಗೊಂದು ಶನಿವಾರ ಮಂಡಲ ಬಿಡಿಸುವ ಶಿಬಿರ ನಡೆಸುತ್ತೇನೆ. ದ್ರಾಕ್ಷಿ ತೋಟದವರು, ಟೀಚರುಗಳು, ಅಂಗಡಿ ಹೆಂಗಸರು ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ. ನಡುವೆ ಒಂದು ಚುಕ್ಕಿ, ಅದರ ಸುತ್ತ ಅಕ್ಕಿಹಿಟ್ಟು, ಬಣ್ಣದ ಉಪ್ಪಿನಲ್ಲಿ ವೃತ್ತದ ಮೇಲೆ ವೃತ್ತ. ಒಂದು ಗಂಟೆ ಮಾತಿಲ್ಲ. ಆಮೇಲೆ ಮನಸ್ಸಿನಲ್ಲಿ ಎದ್ದದ್ದನ್ನು ಹೇಳಬಹುದು, ಅತ್ತು ಹಗುರಾಗಲೂಬಹುದು. "ಈ ವೃತ್ತದಲ್ಲಿ ಮೇಲಿಲ್ಲ, ಕೆಳಗಿಲ್ಲ" ಎಂದು ಪ್ರತಿ ಸಲ ಶುರು ಮಾಡುವವಳು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ನನಗೆ ಗೆರೆ ಎಳೆಯುವುದನ್ನು ಕಲಿಸಿದವರು ಅತ್ತಿಗೆ — ನನ್ನ ಅಣ್ಣನ ಹೆಂಡತಿ. ದಾರ ಬೇಡ, ಮೊಳೆ ಬೇಡ, ಅವರು ಕೈ ತಿರುಗಿಸಿದರೆ ಸಾಕು, ವೃತ್ತ ತಾನಾಗಿ ಕೂಡುತ್ತಿತ್ತು. ಅವರು ಬಾಗಿಲಿಗೆ ಹಾಕಿದ ಕೋಲ — ನಮ್ಮ ಕಡೆ ರಂಗೋಲಿಗೆ ಹಾಗೆನ್ನುತ್ತಾರೆ — ನೋಡಲು ಬೀದಿಯವರು ನಿಲ್ಲುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಅದು ನಿಂತಿತು. ವಿಧವೆ ಹಾಕಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವ್ವ ಹಿಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಂಡೆ.

ಎಷ್ಟೋ ವರ್ಷದ ಮೇಲೆ, ಆ ಶನಿವಾರ, ಅತ್ತಿಗೆ ಮೊದಲ ಸಲ ಶಿಬಿರಕ್ಕೆ ಬಂದರು. ನಡುವಿನ ಚುಕ್ಕಿ ಯಾರು ಇಡುತ್ತೀರಿ ಎಂದು ಕೇಳಿದೆ. ಸೆರಗು ಸಿಕ್ಕಿಸಿಕೊಂಡು ಅವರೇ ಎದ್ದರು.

"ನಾ ಇಕ್ಲಾ, ಪಾಪಾ?" ಚಿಕ್ಕಂದಿನಿಂದ ಅವರು ನನ್ನನ್ನು ಕರೆಯುವುದೇ ಹಾಗೆ.

ಆ ಮುಖದಲ್ಲಿ ಎಂಥ ಆಸೆಯಿತ್ತು! ಮುಂದೆ ಕೂತಿದ್ದ ನನ್ನ ಸೋದರತ್ತೆ ಒಮ್ಮೆ ಕೆಮ್ಮಿದರು. ಬರೀ ಕೆಮ್ಮು — ಮಾತಲ್ಲ.

"ಪಾಪ, ಅತ್ತಿಗೆಗೆ ಕೈ ನೋವು" ಎಂದೆ ಎಲ್ಲರ ಕಡೆ ತಿರುಗಿ. "ಕುಂತ್ಕೊ ಅತ್ತಿಗೆ, ಆಮೇಲೆ ಬಣ್ಣ ತುಂಬುವಂತೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, "ಔದು, ನೋಯ್ತದೆ" ಎಂದು ಕೂತರು. ಚುಕ್ಕಿಯನ್ನು ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಇಟ್ಟಳು.

ಅಯ್ಯೋ, ಅಲ್ಲೇ ಬೈದಿದ್ದರೆ! ಬೈಯಲಿಲ್ಲ. ನನ್ನ ಸುಳ್ಳನ್ನು ಅವರೇ ಕಾಪಾಡಿದರು. ಮದುವೆ ಮನೆಯಲ್ಲಿ ಆ ಹೆಂಗಸರು ಎದುರಾದರೆ ಸಾಕು, ಮಣಿಕಟ್ಟು ಒತ್ತಿಕೊಳ್ಳುತ್ತಿದ್ದರು. "ಕೈ ಎಂಗದೆ?" ಎಂದರೆ, "ಪರವಾಯಿಲ್ಲ, ಕೊಂಚ ಐತೆ." ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ.

ಊರ ಕಟ್ಟಳೆ ಎನ್ನಬಹುದು, ಸೋದರತ್ತೆಯ ಮೇಲೆ ಹಾಕಬಹುದು. ಆದರೆ ಆ ದಿನ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನೊಬ್ಬಳೇ.

ಹೋದ ವಾರ ಅವರ ಮನೆಗೆ ಹೋಗಿ ಹೇಳಿದೆ. ಅತ್ತಿಗೆ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಬರುವ ಶನಿವಾರ ಎಲ್ಲರ ಮುಂದೆ ನಿಜ ಒಪ್ಪಿಕೊಳ್ಳುತ್ತೇನೆ, ಚುಕ್ಕಿ ನೀನೇ ಇಡಬೇಕು ಎಂದೆ. ಅವರು ನಕ್ಕು ಬಲಗೈ ಚಾಚಿದರು. ಬೆರಳುಗಳ ಗಿಣ್ಣು ಊದಿದ್ದವು, ಹೆಬ್ಬೆರಳು ನಡುಗುತ್ತಿತ್ತು.

"ಈಗ ನಿಜವಾಗ್ಲೂ ನೋಯ್ತದೆ ಪಾಪಾ. ಒಂದು ವರ್ಷ ಆಯ್ತು. ಹಿಟ್ಟು ಹಿಡಿಯಕ್ಕಾಗಲ್ಲ."

ಆ ಕೈಯನ್ನು ಹಿಡಿದು ಕೂತೆ.

ಶನಿವಾರ ಹೋಗುತ್ತೇನೆ. ನಡುವಿನ ಜಾಗ ಖಾಲಿ ಬಿಟ್ಟು, ಅದೇ ಹೆಂಗಸರ ಎದುರಿಗೆ, ನಗದೆ ಹೇಳುತ್ತೇನೆ: ಆ ದಿನ ಆ ಕೈಗೆ ನೋವಿರಲಿಲ್ಲ.