ಟೇಪು ಹಿಡಿದು ಬಂದ ಭಾನುವಾರ

ಕಾರು ಶುರುಮಾಡುವ ಮುನ್ನ ನೆಲಿಡಾ ದಿನವೂ ಬಲಗೈ ಹೆಬ್ಬೆರಳಿನಿಂದ ಸ್ಟೀರಿಂಗಿನ ಮೇಲೆ ಪುಟ್ಟದೊಂದು ಶಿಲುಬೆ ಗೀಚುತ್ತಿದ್ದಳು. ಗೀಚಿ ಗೀಚಿ ಅಲ್ಲಿಯ ಬಣ್ಣವೇ ಮಾಸಿತ್ತು.

ಸ್ಟಾಕ್ಟನ್ ಪಟ್ಟಣದಲ್ಲಿ ಆ ವರ್ಷ ಮನೆಗಳ ಬೆಲೆ ಅವುಗಳ ಮೇಲಿನ ಸಾಲಕ್ಕಿಂತ ಕೆಳಗಿಳಿದಿತ್ತು. ಬ್ಯಾಂಕನ್ನು ಒಪ್ಪಿಸಿ, ಬಂದಷ್ಟಕ್ಕೆ ಅಂಥ ಮನೆಗಳನ್ನು ಮಾರಿಸುವುದು ಏಜೆಂಟ್ ನೆಲಿಡಾಳ ಕಸುಬು. ಮಾರುವವನ ಕೈಗೆ ಒಂದು ಡಾಲರೂ ಬರದು. ಹರಾಜಿನ ಅವಮಾನ ತಪ್ಪುತ್ತದೆ, ಅಷ್ಟೇ. ಅದಕ್ಕೇ ಕೊಳ್ಳುವವರಿಗೆ ಅವಳು ತಪ್ಪದೆ ಹೇಳುತ್ತಿದ್ದಳು: "ಕೀಲಿ ಕೈಗೆ ಬರೋ ತನಕ ಆ ಬೀದಿ ಕಡೆ ಸುಳೀಬೇಡಿ. ಆ ಮನೇಲಿ ಇನ್ನೂ ಒಲೆ ಉರೀತಿದೆ."

ಅಂಥದೊಂದು ಮನೆ ಕೊಳ್ಳಲು ಬಂದ, ಟೊಮ್ಯಾಟೊ ಕಾರ್ಖಾನೆಯಲ್ಲಿ ದುಡಿಯುವ ಒಫೇಲಿಯಾ ತಲೆಯಾಡಿಸಿದ್ದಳು. ಆದರೆ ಬ್ಯಾಂಕು ಒಪ್ಪಿದೆ, ಇನ್ನು ಆ ಮನೆಯ ಒಡೆಯ, ಲಾರಿ ಓಡಿಸುವ ರಸೆಲ್‌ನ ಕೊನೆಯ ಸಹಿಯೊಂದೇ ಬಾಕಿ, ಸೋಮವಾರ ಮಧ್ಯಾಹ್ನದೊಳಗೆ ಅದು ಬೀಳದಿದ್ದರೆ ಮನೆ ಹರಾಜಿಗೆ ಎಂದು ತಿಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಅಲ್ಲಿಗೆ ಹೋಗಿ, ಪರದೆ ಹೊಲಿಸಲೆಂದು ಹೊರಗಿನಿಂದಲೇ ಕಿಟಕಿಗೆ ಅಳತೆಯ ಟೇಪು ಹಿಡಿದಳು.

ಒಳಗೆ ರಸೆಲ್ ಊಟಕ್ಕೆ ಕೂತಿದ್ದ.

ಮನೆಯ ಮುಂದಿನ ಮಾರಾಟದ ಫಲಕದಲ್ಲಿದ್ದ ನಂಬರಿಗೆ ಪಕ್ಕದ ಮನೆಯವರು ಫೋನು ಮಾಡಿ, ನೆಲಿಡಾ ಓಡಿಬರುವಷ್ಟರಲ್ಲಿ ಕಿಟಕಿಗಳೆಲ್ಲ ಪುಡಿಯಾಗಿದ್ದವು. ಒಡೆದ ಕೊಳಾಯಿಯಿಂದ ನೀರು ಚಿಮ್ಮುತ್ತಿತ್ತು. ಒಫೇಲಿಯಾಳ ಕೂದಲು ರಸೆಲ್‌ನ ಎಡಗೈಯಲ್ಲಿತ್ತು, ದೊಡ್ಡ ಸುತ್ತಿಗೆ ಬಲಗೈಯಲ್ಲಿ. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಅಳತೆ ಬೇಕಾ ನಿಂಗೆ? ತಗೋ ಅಳತೆ!" ಎಂದು ಅವನು ಗೋಡೆಗೆ ಬೀಸಿದ. ಗೋಡೆ ಒಡೆದು ತೂತಾಯಿತು. "ನನ್ನ ತಟ್ಟೆ ಇನ್ನೂ ತೊಳೆದಿಲ್ಲ, ಪರದೆ ಹಾಕಕ್ಕೆ ಬಂದ್ಲು ಮಹಾರಾಣಿ!"

"ರಸೆಲ್, ಅವಳನ್ನ ಬಿಡಪ್ಪ."

"ನೀನೇ ಕಳಿಸಿದ್ದು ಇವಳನ್ನ, ಹದ್ದು ಮುದುಕಿ!"

ಸುತ್ತಿಗೆ ಮತ್ತೆ ಮೇಲೆದ್ದಿತು. ನೆಲಿಡಾ ನಡುವೆ ನುಗ್ಗಿ ತೋಳು ಒಡ್ಡಿದಳು. ಮೂಳೆ ಲಟಕ್ಕೆಂದಿದ್ದು ಮೂವರಿಗೂ ಕೇಳಿಸಿತು.

ರಸೆಲ್‌ನ ಕೈಯಿಂದ ಸುತ್ತಿಗೆ ಜಾರಿತು. ಒಫೇಲಿಯಾ ತೆವಳಿ ದೂರ ಸರಿದು ಫೋನು ತೆಗೆದಳು. "ಪೊಲೀಸರನ್ನ ಕರೀತೀನಿ!"

"ಬೇಡ, ಬೇಡ," ಎಂದ ರಸೆಲ್. "ನೆಲಿಡಮ್ಮ, ಕಾಗದ ಕೊಡಿ. ಈಗ್ಲೇ ಸಹಿ ಹಾಕ್ತೀನಿ. ನಿಮಗೋಸ್ಕರ ಹಾಕ್ತೀನಿ. ಪೊಲೀಸರು ಮಾತ್ರ ಬೇಡ."

ಫೋನು ಒಫೇಲಿಯಾಳ ಕೈಯಲ್ಲೇ ಉಳಿಯಿತು. "ಅಕ್ಕಾ, ಹಾಕಿಸ್ಕೊಂಡ್ಬಿಡಿ! ನಾನು ಯಾರಿಗೂ ಹೇಳಲ್ಲ. ಕೂದಲು ಹೋದ್ರೆ ಹೋಗ್ಲಿ, ಮನೆ ಹೋಗೋದು ಬೇಡ!"

ಕಾಗದ ನೆಲಿಡಾಳ ಹೆಗಲ ಚೀಲದಲ್ಲೇ ಇತ್ತು. ಬಲಗೈ ಜೋತುಬಿದ್ದಿತ್ತು. ಎಡಗೈ ಹೆಬ್ಬೆರಳು ಚೀಲದ ಮೇಲೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿ ನಿಂತಿತು.

"ನಾನು ಇವಳಿಗೂ ಏಜೆಂಟು, ನಿನಗೂ ಏಜೆಂಟು," ಎಂದಳು. "ಹೆದರಿ ಹಾಕೋ ಸಹಿ ನಂಗೆ ಬೇಡಪ್ಪ. ಇವಳ ಹಣೆ ಒಡೆದಿದೆ, ಪೊಲೀಸರನ್ನ ಕರೆಯೋದೂ ಬಿಡೋದೂ ಇವಳಿಗೆ ಸೇರಿದ್ದು. ನಾಳೆ ಬೆಳಿಗ್ಗೆ ನೀನೆಲ್ಲಿದ್ರೂ ಅಲ್ಲಿಗೆ ಕಾಗದ ತರ್ತೀನಿ. ಮನಸ್ಸಿದ್ರೆ ಹಾಕು."